ಕ್ರ್ಯಾಕ್ ಮಾಡಿದ ಆನ್‌ಲೈನ್ ಸರ್ವೈವಲ್ ಗೇಮ್ ಹಾಕ್ಕೊಂಡ್ರೆ ನಿಜವಾಗ್ಲೂ ಏನಾಗುತ್ತೆ? ಅದರ ಬದಲು ಏನಾಡ್ಬಹುದು?

ಬೆಂಕಿಕಡ್ಡಿ:
ಎಲ್ರಿಗೂ ನಮಸ್ಕಾರ. ನಾವು ಐದು ಜನ ಫ್ರೆಂಡ್ಸ್ ಒಟ್ಟಿಗೆ ಆಡೋಕೆ ಒಂದು ಸರ್ವೈವಲ್ ಗೇಮ್ ಹುಡುಕ್ತಿದೀವಿ, ರಸ್ಟ್, ಆರ್ಕ್, ವಾಲ್‌ಹೈಮ್ ಥರದ್ದು, ಮರ ಕಡಿಯೋದು, ಕಲ್ಲು ಒಡೆಯೋದು, ಬೇಸ್ ಕಟ್ಟೋದು ಎಲ್ಲಾ ಇರ್ಬೇಕು. ಎಲ್ರೂ ದುಡ್ಡು ಕೊಟ್ಟು ತಗೊಳ್ಳೋ ಸ್ಥಿತಿಲಿ ಇಲ್ಲ. ಒಬ್ಬ ಫ್ರೆಂಡ್ ಒಂದು ಲಿಂಕ್ ಕಳ್ಸಿದಾನೆ, ಕ್ರ್ಯಾಕ್ ಆಗಿರೋ ಗೇಮ್, ಅಂದ್ರೆ ದುಡ್ಡು ಕೊಡ್ದೆ ಆಡೋ ಹಾಗೆ ಬೀಗ ಒಡೆದ ಕಾಪಿ, ಅದಕ್ಕೇ ಬೇರೆ ಸರ್ವರ್‌ಗಳೂ ಇದಾವಂತೆ, ಇನ್‌ಸ್ಟಾಲ್ ಮಾಡೋ ಮುಂಚೆ ಆಂಟಿವೈರಸ್ ಆಫ್ ಮಾಡಿ ಅಂತ ಅದ್ರಲ್ಲೇ ಬರ್ದಿದೆ. ಇನ್ನೊಬ್ಬ ಬೇಡ್ವೇ ಬೇಡ ಅಂತ ಹಠ ಹಿಡಿದಿದಾನೆ. ಕಾನೂನಿಗೆ ವಿರುದ್ಧ ಅನ್ನೋದು ನಂಗೂ ಗೊತ್ತು, ಅದನ್ನ ಬಿಟ್ಟು ನಮ್ಮ ಕಂಪ್ಯೂಟರ್‌ಗೆ, ಅಕೌಂಟ್‌ಗಳಿಗೆ ಏನಾಗ್ಬಹುದು ಅಂತ ವಿವರವಾಗಿ ಹೇಳಿ. ಇಬ್ಬರ ಹತ್ರ ಹಳೇ ಲ್ಯಾಪ್‌ಟಾಪ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದರಲ್ಲೂ ಓಡೋ ಗೇಮ್ ಇದ್ರೆ ಹೇಳಿ.

ಕಲ್ಲಿನಕೋಟೆ:
ನಿಮ್ಮ ಆ ಹಠ ಹಿಡಿದ ಫ್ರೆಂಡ್ ಹೇಳ್ತಿರೋದು ಸರಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ.

ಒಬ್ಬರೇ ಆಡೋ ಗೇಮ್ ಕ್ರ್ಯಾಕ್ ಮಾಡೋದಕ್ಕೂ ಆನ್‌ಲೈನ್ ಸರ್ವೈವಲ್ ಗೇಮ್ ಕ್ರ್ಯಾಕ್ ಮಾಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಈ ಗೇಮ್‌ಗಳು ನಿಂತಿರೋದೇ ಮೂರು ವಿಷ್ಯದ ಮೇಲೆ, ನೀವು ಯಾರು ಅಂತ ಸರ್ವರ್ ಪರೀಕ್ಷೆ ಮಾಡೋದು, ಎಲ್ರ ಹತ್ರನೂ ಒಂದೇ ವರ್ಷನ್ ಇರೋದು, ಮೋಸ ಮಾಡೋರನ್ನ ಆಂಟಿಚೀಟ್ ತಡೆಯೋದು. ಕ್ರ್ಯಾಕ್ ಮಾಡೋವಾಗ ಕಿತ್ತು ಹಾಕೋದು ಕರೆಕ್ಟಾಗಿ ಇವನ್ನೇ. ಅಂದ್ರೆ ನಿಮ್ಮನ್ನ ಕಾಯೋ ಭಾಗ ಎಲ್ಲಾ ಹೋಗಿ, ನೆಟ್‌ಗೆ ಕನೆಕ್ಟ್ ಆಗೋ ಭಾಗ ಮಾತ್ರ ಉಳ್ಕೊಳ್ಳುತ್ತೆ.

ಇನ್ನು ಆಂಟಿವೈರಸ್ ಆಫ್ ಮಾಡೋ ವಿಷ್ಯ. 2021ರಲ್ಲಿ ಅವಾಸ್ಟ್ ಕಂಪನಿಯವ್ರು ಕ್ರ್ಯಾಕೊನೋಶ್ ಅನ್ನೋ ಮಾಲ್‌ವೇರ್ ಬಗ್ಗೆ ವರದಿ ಕೊಟ್ರು, ಜಿಟಿಎ 5, ಫಾರ್ ಕ್ರೈ 5 ಥರದ ಗೇಮ್‌ಗಳ ಕ್ರ್ಯಾಕ್ ಕಾಪಿಗಳ ಒಳಗೆ ಕೂತ್ಕೊಂಡು 2018ರಿಂದ ಹರಡಿತ್ತು. ಅದು ವಿಂಡೋಸ್‌ನ ಸೇಫ್ ಮೋಡ್‌ಗೆ ಹೋಗೋ ಹಾಗೆ ಮಾಡ್ತಿತ್ತು, ಸೇಫ್ ಮೋಡ್‌ನಲ್ಲಿ ಆಂಟಿವೈರಸ್ ಕೆಲಸ ಮಾಡಲ್ಲ, ಆ ಹೊತ್ತಲ್ಲಿ ವಿಂಡೋಸ್ ಜೊತೆ ಬರೋ ಆಂಟಿವೈರಸ್ ಡಿಫೆಂಡರ್‌ನ ಅಳಿಸಿ ಹಾಕಿ, ಆಮೇಲೆ ಮೊನೆರೋ ಅನ್ನೋ ಕ್ರಿಪ್ಟೋಕರೆನ್ಸಿ ಮೈನ್ ಮಾಡೋಕೆ ಶುರು ಮಾಡ್ತಿತ್ತು. 2,22,000ಕ್ಕೂ ಜಾಸ್ತಿ ಕಂಪ್ಯೂಟರ್‌ಗಳು, 20 ಲಕ್ಷ ಡಾಲರ್‌ಗೂ ಮೀರಿದ ಗಳಿಕೆ. ಕರೆಂಟು, ಪ್ರೊಸೆಸರ್ ಎಲ್ಲಾ ಆಡೋರದ್ದು, ದುಡ್ಡು ಮಾತ್ರ ಇನ್ಯಾರದ್ದೋ.

ಇಂಥ ಮೈನ್ ಮಾಡೋ ಪ್ರೋಗ್ರಾಮ್ (ಮೈನರ್) ಆದ್ರೂ ಪರ್ವಾಗಿಲ್ಲ, ಫ್ಯಾನ್ ಜೋರಾಗಿ ಓಡೋದ್ರಿಂದ ಅನುಮಾನ ಆದ್ರೂ ಬರುತ್ತೆ. ನನಗೆ ಜಾಸ್ತಿ ಭಯ ಇರೋದು ಮಾಹಿತಿ ಕದಿಯೋ ಮಾಲ್‌ವೇರ್ ಬಗ್ಗೆ, ರೆಡ್‌ಲೈನ್, ಲುಮ್ಮಾ, ವಿದಾರ್ ಅಂತೆಲ್ಲಾ ಹೆಸ್ರು. ಅವು ಗಂಟೆಗಟ್ಲೆ ಇರೋದೇ ಬೇಕಿಲ್ಲ, ಒಂದ್ಸಲ ಓಡಿದ್ರೆ ಸಾಕು, ಬ್ರೌಸರ್‌ನಲ್ಲಿ ಸೇವ್ ಮಾಡಿರೋ ಪಾಸ್‌ವರ್ಡ್‌ಗಳು, ಕುಕೀಗಳು (ನೀವು ಲಾಗಿನ್ ಆಗಿದೀರ ಅಂತ ಸೈಟ್‌ಗೆ ನೆನಪಿಸೋ ಸಣ್ಣ ಫೈಲ್), ಚಾಟ್ ಆ್ಯಪ್ ಡಿಸ್ಕಾರ್ಡ್‌ನ ಲಾಗಿನ್ ಟೋಕನ್, ಗೇಮ್ ಮಾರೋ ಸ್ಟೋರ್ ಸ್ಟೀಮ್‌ನ ಫೈಲ್‌ಗಳು ಎಲ್ಲಾ ಬಾಚ್ಕೊಂಡು ಕಳಿಸ್ಬಿಡ್ತವೆ. ಟೂ ಫ್ಯಾಕ್ಟರ್ ಹಾಕಿದೀನಿ ಅಂತ ಧೈರ್ಯ ಬೇಡ, ಕುಕೀ ಕದ್ದವ್ರು ನೀವು ಈಗಾಗ್ಲೇ ಲಾಗಿನ್ ಆಗಿರೋ ಸೆಷನ್ ಒಳಗೇ ಕೂರ್ತಾರೆ, ಓಟಿಪಿ ಕೇಳೋ ಹಂತನೇ ಬರಲ್ಲ.

ಮರಕುಟಿಗ:
ಅಷ್ಟೊಂದು ಹೆದರ್ಸೋ ಅವಶ್ಯಕತೆ ಇಲ್ಲ ಅನ್ಸುತ್ತೆ. ನಾನು ವರ್ಷಗಳಿಂದ ರೀಪ್ಯಾಕ್ (ಸೈಜ್ ಕಮ್ಮಿ ಮಾಡಿ ಕಟ್ಟಿದ ಕ್ರ್ಯಾಕ್ ಕಾಪಿ) ಹಾಕ್ಕೊಂಡು ಆಡ್ತಿದೀನಿ, ಹೆಸರಿರೋ ಕಡೆಯಿಂದ ಮಾತ್ರ ಇಳಿಸ್ತೀನಿ, ಏನೂ ಆಗಿಲ್ಲ. ಕ್ರ್ಯಾಕ್ ಫೈಲ್ ಅಂದ್ಮೇಲೆ ಆಂಟಿವೈರಸ್ ಕೂಗೇ ಕೂಗುತ್ತೆ, ಅದು ಫಾಲ್ಸ್ ಪಾಸಿಟಿವ್, ಸುಳ್ಳು ಎಚ್ಚರಿಕೆ. ಮತ್ತೆ ಈ ಸರ್ವೈವಲ್ ಗೇಮ್‌ಗಳು ಅರ್ಧಂಬರ್ಧ ಅರ್ಲಿ ಆಕ್ಸೆಸ್‌ನಲ್ಲೇ (ಗೇಮ್ ಮುಗಿಯೋ ಮುಂಚೆನೇ ಮಾರೋದು) ವರ್ಷಗಟ್ಲೆ ಇರ್ತವೆ, ಡೇಝೀ 2013ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂತು, 1.0 ಆಗಿದ್ದು 2018ರಲ್ಲಿ. ಐದು ವರ್ಷ! ಚೆನ್ನಾಗಿದ್ಯೋ ಇಲ್ವೋ ನೋಡ್ದೆ ದುಡ್ಡು ಯಾಕೆ ಕೊಡ್ಬೇಕು, ಅದನ್ನೂ ಯೋಚ್ನೆ ಮಾಡಿ.

ಕಲ್ಲಿನಕೋಟೆ:
ಡೇಝೀ ವಿಷ್ಯ ಒಪ್ಕೊಳ್ತೀನಿ, ಅರ್ಲಿ ಆಕ್ಸೆಸ್‌ನಲ್ಲಿ ಜನ ತುಂಬಾ ಕಾದಿದಾರೆ. ಫಾಲ್ಸ್ ಪಾಸಿಟಿವ್ ಇರೋದೂ ನಿಜ, ಗೇಮಿನ ಫೈಲನ್ನ ತಿದ್ದಿದಾರೆ ಅಂದ್ರೆ ಆಂಟಿವೈರಸ್‌ಗೆ ಅದು ಅನುಮಾನದ ಫೈಲೇ. ಆದ್ರೆ ತೊಂದ್ರೆ ಇರೋದೇ ಅಲ್ಲಿ. ಒಳ್ಳೇ ಕ್ರ್ಯಾಕ್‌ಗೂ ಕೂಗುತ್ತೆ, ವಿಷ ತುಂಬಿದ ಕ್ರ್ಯಾಕ್‌ಗೂ ಕೂಗುತ್ತೆ, ಎರಡಕ್ಕೂ ನೀವು ಮಾಡೋದು ಒಂದೇ, ಆಫ್ ಮಾಡೋದು. ಹಾಗಾದ್ರೆ ಯಾವ್ದು ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು?

"ಏನೂ ಆಗಿಲ್ಲ" ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಸ್ಟಾರಿಡೊಬ್ರಿ ಅಂತ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವ್ರು ಹೆಸ್ರಿಟ್ಟ ಒಂದು ದಾಳಿ. ಬೀಮ್‌ಎನ್‌ಜಿ ಡ್ರೈವ್, ಗ್ಯಾರೀಸ್ ಮಾಡ್, ಡೈಸನ್ ಸ್ಫಿಯರ್ ಪ್ರೋಗ್ರಾಮ್ ಥರದ ಗೇಮ್‌ಗಳ ರೀಪ್ಯಾಕ್‌ನ 2024ರ ಸೆಪ್ಟೆಂಬರ್‌ನಲ್ಲೇ ಟೊರೆಂಟ್‌ಗಳಿಗೆ ಹಾಕಿದ್ರು. ಗೇಮ್ ಚೆನ್ನಾಗೇ ಓಡ್ತಿತ್ತು, ಜನ ಆಡ್ತಿದ್ರು. ಡಿಸೆಂಬರ್ 31ಕ್ಕೆ ದಾಳಿ ಶುರುವಾಯ್ತು, ಎಲ್ರೂ ರಜೆಯಲ್ಲಿದ್ದಾಗ. ಪ್ರೊಸೆಸರ್‌ನಲ್ಲಿ 8 ಕೋರ್‌ಗಿಂತ ಕಮ್ಮಿ ಇದ್ರೆ ಮೈನರ್ ಶುರುನೇ ಆಗ್ತಿರ್ಲಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ತಾನೇ ನಿಂತ್ಬಿಡ್ತಿತ್ತು. ಅಂದ್ರೆ ಹುಡುಕೋಕೆ ಹೋದವ್ರಿಗೆ ಕಾಣಿಸ್ಬಾರ್ದು ಅಂತಲೇ ಮಾಡಿದ್ದು. ಇಂಥದ್ದು ಒಳಗಿದ್ರೆ ನೀವು ಕೂಡ "ಏನೂ ಆಗಿಲ್ಲ" ಅಂತಾನೇ ಹೇಳ್ತೀರ.

ನೋಡ್ದೆ ಯಾಕೆ ದುಡ್ಡು ಕೊಡ್ಬೇಕು ಅನ್ನೋದಕ್ಕೆ ಸ್ಟೀಮ್‌ನಲ್ಲಿ ರೀಫಂಡ್ ಇದೆ, ತಗೊಂಡು 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ಕಾರಣ ಏನೇ ಇದ್ರೂ ವಾಪಸ್ ಕೊಡ್ತಾರೆ. ಸರ್ವೈವಲ್ ಗೇಮ್‌ಗೆ ಎರಡು ಗಂಟೆ ಕಮ್ಮಿನೇ, ಒಪ್ತೀನಿ, ಆದ್ರೆ ನಿಮ್ಮ ಮೆಷಿನ್‌ನಲ್ಲಿ ಓಡುತ್ತಾ, ಸರ್ವರ್‌ಗೆ ಪಿಂಗ್ (ಸಂದೇಶ ಹೋಗಿ ಬರೋಕೆ ಹಿಡಿಯೋ ಸಮಯ) ಹೇಗಿದೆ, ಕೈಗೆ ಹಿಡ್ಸುತ್ತಾ ಅನ್ನೋದಕ್ಕೆ ಅಷ್ಟು ಸಾಕು. ಫ್ರೀ ವೀಕೆಂಡ್‌ಗಳೂ ಬರ್ತಿರ್ತವೆ.

ಸರ್ವರ್‌ಕಾವಲು:
ನಾನು ಸುಮಾರು ವರ್ಷ ಸರ್ವರ್ ನಡೆಸ್ದವ್ನು, ಆ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಎಲ್ರೂ ಡೌನ್‌ಲೋಡ್ ಫೈಲ್ ಬಗ್ಗೆನೇ ಮಾತಾಡ್ತಾರೆ, ಕನೆಕ್ಟ್ ಆಗೋ ಸರ್ವರ್ ಬಗ್ಗೆ ಯಾರೂ ಕೇಳಲ್ಲ.

ಮೈನ್‌ಕ್ರಾಫ್ಟ್ ತಗೊಳ್ಳಿ, ಇದು ಅರ್ಥ ಮಾಡ್ಕೊಳ್ಳೋಕೆ ಸುಲಭ. ಮಾಮೂಲಿ ಸರ್ವರ್‌ನಲ್ಲಿ ನೀವು ಒಳಗೆ ಬರೋವಾಗ ನಿಮ್ಮ ಅಕೌಂಟ್ ನಿಜಾನಾ ಅಂತ ಕಂಪನಿಯ ಸರ್ವರ್ ಹತ್ರ ಕೇಳುತ್ತೆ. ಕ್ರ್ಯಾಕ್ ಸರ್ವರ್‌ನಲ್ಲಿ ಆ ಆನ್‌ಲೈನ್ ಮೋಡ್‌ನೇ ಆಫ್ ಮಾಡಿರ್ತಾರೆ. ಆಗ ಯಾರು ಬೇಕಾದ್ರೂ ಯಾರ ಹೆಸ್ರಲ್ಲಿ ಬೇಕಾದ್ರೂ ಬರ್ಬಹುದು, ನಿಮ್ಮ ಹೆಸ್ರು ಟೈಪ್ ಮಾಡಿದ್ರೆ ಅವ್ರೇ ನೀವು, ನಿಮ್ಮ ಪೆಟ್ಟಿಗೆ, ನಿಮ್ಮ ಸಾಮಾನು, ಅಡ್ಮಿನ್ ಹೆಸ್ರು ಟೈಪ್ ಮಾಡಿದ್ರೆ ಅಡ್ಮಿನ್. ಇದನ್ನ ತಡೆಯೋಕೆ ಲಾಗಿನ್ ಪ್ಲಗಿನ್ ಹಾಕ್ತಾರೆ, ಪ್ರತಿ ಸಲ ಚಾಟ್ ಬಾಕ್ಸ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡ್ಬೇಕು. ಆ ಪಾಸ್‌ವರ್ಡ್ ಹೋಗೋದು ಎಲ್ಲಿಗೆ? ಮುಖ ನೋಡದ ಯಾರೋ ನಡೆಸ್ತಿರೋ ಮೆಷಿನ್‌ಗೆ. ಅವ್ನು ಅದನ್ನ ಹೇಗೆ ಇಟ್ಕೊಂಡಿದಾನೆ ಅಂತ ನಿಮಗೆ ಗೊತ್ತಾಗೋ ದಾರಿನೇ ಇಲ್ಲ. ನಮ್ಮ ಜನ ಇಮೇಲ್‌ಗೂ ಅದೇ, ಗೇಮ್‌ಗೂ ಅದೇ ಪಾಸ್‌ವರ್ಡ್ ಇಟ್ಟಿರ್ತಾರೆ, ಅಲ್ಲಿಗೆ ಮುಗೀತು.

ಎರಡನೇದು ಅಪ್‌ಡೇಟ್. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ಅನ್ನೋ ಲೋಪ ಹೊರಗೆ ಬಂದಾಗ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ಸಾಕು, ಸರ್ವರ್ ಮೇಲೂ ಆಡ್ತಿರೋರ ಕಂಪ್ಯೂಟರ್ ಮೇಲೂ ಬೇರೆಯವ್ರ ಕೋಡ್ ಓಡಿಸ್ಬಹುದಿತ್ತು. ಅಧಿಕೃತ ಲಾಂಚರ್ ಇದ್ದವ್ರು ಗೇಮ್ ಮುಚ್ಚಿ ಮತ್ತೆ ತೆಗೆದ್ರು, ಪ್ಯಾಚ್ ತಾನಾಗೇ ಬಂತು. ಬೇರೆ ಲಾಂಚರ್‌ಗಳಿಗೆ ತಾನಾಗೇ ಬರದೇ ಇರ್ಬಹುದು ಅಂತ ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್‌ನವ್ರೇ ಆಗ ಎಚ್ಚರಿಕೆ ಕೊಟ್ಟಿದ್ರು. ಕ್ರ್ಯಾಕ್ ಕಾಪಿ ಅಂದ್ರೆ ಅದು ತಯಾರಾದ ದಿನಕ್ಕೇ ನಿಂತುಹೋದ ಗೇಮ್, ಆಮೇಲೆ ಗೊತ್ತಾದ ಪ್ರತಿ ತೂತೂ ಅದರಲ್ಲಿ ಹಾಗೇ ಇರುತ್ತೆ.

ಇನ್ನು ರಸ್ಟ್. ಪ್ರತಿ ತಿಂಗಳ ಮೊದಲ ಗುರುವಾರ ಅದಕ್ಕೆ ದೊಡ್ಡ ಅಪ್‌ಡೇಟ್ ಬರುತ್ತೆ, ಅಧಿಕೃತ ಸರ್ವರ್‌ಗಳು ವೈಪ್ ಆಗ್ತವೆ, ಅಂದ್ರೆ ಕಟ್ಟಿದ್ದೆಲ್ಲಾ ಅಳಿಸಿ ಮೊದಲಿಂದ ಶುರು, ಸರ್ವರ್ ವರ್ಷನ್‌ಗೂ ಗೇಮ್ ವರ್ಷನ್‌ಗೂ ಹೊಂದ್ಲೇಬೇಕು. ಹಾಗಾಗಿ ಕ್ರ್ಯಾಕ್ ಕಾಪಿಲಿ ನೀವು ಹೋಗೋಕಾಗೋದು ಹಳೇ ವರ್ಷನ್‌ನ ಬೆರಳೆಣಿಕೆಯ ಸರ್ವರ್‌ಗಳಿಗೆ. ಈಝಿ ಆಂಟಿಚೀಟ್ ಅನ್ನೋ ಮೋಸ ತಡೆಯೋ ಸಾಫ್ಟ್‌ವೇರ್ ಇರಲ್ಲ, ಬ್ಯಾನ್ ಮಾಡಿದ್ರೂ ಹೊಸ ಹೆಸ್ರಲ್ಲಿ ಅದೇ ಮನುಷ್ಯ ಹತ್ತು ನಿಮಿಷಕ್ಕೆ ವಾಪಸ್, ಗೋಡೆ ಹಿಂದೆ ಇರೋರನ್ನ ನೋಡಿ ಹೊಡೆಯೋರು ತುಂಬ್ಕೊಂಡಿರ್ತಾರೆ. ನೀವು ನಿದ್ದೆ ಬಿಟ್ಟು ಕಟ್ಟಿದ ಬೇಸ್ ಇರೋದು ಅಂಥ ಜಾಗದಲ್ಲಿ. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಆ ಸರ್ವರೇ ಇರಲ್ಲ, ಕೇಳೋಕೆ ಯಾರೂ ಇರಲ್ಲ. ಗೇಮ್ ಬಿಟ್ಟಿ ಸಿಕ್ತು ಅನ್ನೋರು ಈ ಕಳೆದುಹೋದ ಸಮಯನ ಯಾವ ಲೆಕ್ಕಕ್ಕೆ ಹಿಡೀತಾರೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ನಿಶಾಚರ:
ಒಂದು ಡೌಟು. ಕೆಲವು ಕ್ರ್ಯಾಕ್‌ಗಳಲ್ಲಿ ನಮ್ಮ ನಿಜವಾದ ಸ್ಟೀಮ್ ಅಕೌಂಟ್‌ನಿಂದಲೇ ಫ್ರೆಂಡ್ಸ್ ಜೊತೆ ಆಡ್ಬಹುದು, ಫ್ರೆಂಡ್ ಲಿಸ್ಟ್‌ನಲ್ಲಿ ಸ್ಪೇಸ್‌ವಾರ್ ಅಂತ ಬೇರೆ ಗೇಮ್ ಹೆಸ್ರು ತೋರ್ಸುತ್ತೆ. ಅದು ಸೇಫಾ? ಗೊತ್ತಿಲ್ದಿರೋ ಸರ್ವರ್‌ಗೆ ಹೋಗೋದೇ ಇಲ್ವಲ್ಲ.

ಸರ್ವರ್‌ಕಾವಲು:
ಸ್ಪೇಸ್‌ವಾರ್ ಅನ್ನೋದು ಡೆವಲಪರ್‌ಗಳು ಟೆಸ್ಟ್ ಮಾಡೋಕೆ ಅಂತ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಇಟ್ಟಿರೋ ಮಾದರಿ ಗೇಮ್. ಅದರ ಹೆಸ್ರಲ್ಲಿ ಬೇರೆ ಗೇಮ್ ಓಡಿಸ್ತಿರೋದು ನಿಮ್ಮ ನಿಜವಾದ ಅಕೌಂಟ್ ಲಾಗಿನ್ ಆಗಿರೋವಾಗ, ಯಾರೋ ತಿದ್ದಿದ ಡಿಎಲ್‌ಎಲ್ ಫೈಲ್ (ಗೇಮ್ ಜೊತೆ ಓಡೋ ಕೋಡ್) ಮೂಲಕ. ನನ್ನ ಪ್ರಕಾರ ಇದು ಬರೀ ಕ್ರ್ಯಾಕ್‌ಗಿಂತ ಜಾಸ್ತಿ ಅಪಾಯ, ಯಾಕಂದ್ರೆ ನೀವು ದುಡ್ಡು ಕೊಟ್ಟು ತಗೊಂಡ ಗೇಮ್‌ಗಳೆಲ್ಲಾ ಇರೋದು ಆ ಅಕೌಂಟ್‌ನಲ್ಲೇ. ಸ್ಟೀಮ್ ನಿಯಮ ಮುರಿದ್ರೆ ಅಕೌಂಟ್ ಮುಚ್ಚೋ ಹಕ್ಕು ಅವ್ರಿಗಿದೆ. ಮಾಡ್ಬೇಡಿ.

ಹಳೇಯಂತ್ರ:
ಬೆಂಕಿಕಡ್ಡಿ ಅವ್ರು ಕೇಳಿದ ಎರಡನೇ ಪ್ರಶ್ನೆಗೆ ಬರ್ತೀನಿ, ನನಗೆ ಇಷ್ಟದ ವಿಷ್ಯ ಇದು. ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಲ್ಯಾಪ್‌ಟಾಪ್‌ನಲ್ಲಿ ವರ್ಷಗಳಿಂದ ಆಡ್ತಿದೀನಿ, ಎಲ್ಲಾ ನೆಟ್ಟಗಿನ ದಾರಿಲೇ.

ಮೊದಲು ಲುವಾಂಟಿ. ಮುಂಚೆ ಮೈನ್‌ಟೆಸ್ಟ್ ಅಂತಿದ್ರು, 2024ರ ಅಕ್ಟೋಬರ್‌ನಲ್ಲಿ ಹೆಸ್ರು ಬದಲಾಯ್ತು. ಓಪನ್ ಸೋರ್ಸ್, ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲಾದ್ರಲ್ಲೂ ಓಡುತ್ತೆ. ಇದು ಒಂದು ಗೇಮ್ ಅಲ್ಲ, ಗೇಮ್‌ಗಳು ಓಡೋ ಎಂಜಿನ್, ಅದ್ರೊಳಗಿನ ಕಂಟೆಂಟ್ ಟ್ಯಾಬ್‌ಗೆ ಹೋಗಿ ವಾಕ್ಸೆಲಿಬ್ರೆ ಅಥವಾ ಮಿನೆಕ್ಲೋನಿಯಾ ಇಳಿಸ್ಕೊಂಡ್ರೆ ಮೈನ್‌ಕ್ರಾಫ್ಟ್ ಥರನೇ ಹಸಿವು, ರಾತ್ರಿ ಬರೋ ರಾಕ್ಷಸರು, ಗಣಿ, ಬೇಸಾಯ ಎಲ್ಲಾ ಇರುತ್ತೆ. ಐದು ಜನ ಆಡೋಕೆ ನಿಮ್ಮದೇ ಸರ್ವರ್ ಶುರು ಮಾಡ್ಕೋಬಹುದು, ಮುಖಪುಟದಲ್ಲೇ ಆ ಆಯ್ಕೆ ಇದೆ. ಯಾರ ಅನುಮತಿನೂ ಬೇಡ, ಯಾವ ಕ್ರ್ಯಾಕೂ ಬೇಡ.

ರಸ್ಟ್, ಡೇಝೀ ಕಡೆ ಒಲವಿದ್ರೆ ಅನ್‌ಟರ್ನ್ಡ್ ನೋಡಿ. ನೆಲ್ಸನ್ ಸೆಕ್ಸ್‌ಟನ್ ಅನ್ನೋ ಹುಡುಗ ಹದಿಹರೆಯದಲ್ಲೇ ಶುರು ಮಾಡಿದ ಗೇಮ್, 2014ರಲ್ಲಿ ಸ್ಟೀಮ್‌ಗೆ ಬಂತು, 2017ರಲ್ಲಿ ಪೂರ್ತಿ ಬಿಡುಗಡೆ ಆಯ್ತು, ಮೊದ್ಲಿಂದಲೂ ಉಚಿತ. ಚೌಕಾಕಾರದ ಜೋಂಬಿಗಳನ್ನ ನೋಡಿ ಮಕ್ಕಳ ಆಟ ಅಂದ್ಕೊಂಡು ಬಿಟ್ಬಿಡ್ಬೇಡಿ. ಬೇಸ್ ಕಟ್ಟೋದು, ಗಾಡಿ ರಿಪೇರಿ, ಬೇರೆಯವ್ರ ಬೇಸ್ ಮೇಲೆ ರೇಡ್ ಮಾಡೋದು, ಕಾಡಲ್ಲಿ ಬೇರೆ ಆಟಗಾರ ಎದುರಾದಾಗ ಎದೆ ಡವಡವ ಅನ್ನೋದು, ಎಲ್ಲಾ ಇದೆ. ಬ್ಯಾಟಲ್‌ಐ ಆಂಟಿಚೀಟ್ ಇರೋ ಸರ್ವರ್ ಆರಿಸ್ಕೊಳ್ಳಿ, ಮೊದಲು ಪಿಇಐ ಮ್ಯಾಪ್‌ನಲ್ಲಿ ನೀವು ನೀವೇ ಆಡಿ ಕೈ ಪಳಗಿಸ್ಕೊಳ್ಳಿ.

ಒಂದು ಸಂಜೆಗೆ ಅಂದ್ರೆ ಮಕ್ ಇದೆ, 2021ರದ್ದು, ಸ್ಟೀಮ್‌ನಲ್ಲಿ ಉಚಿತ, ಒಂದು ದ್ವೀಪದಲ್ಲಿ ಎಷ್ಟು ದಿನ ಬದುಕ್ತೀರ ಅಷ್ಟೇ. ವೆಲೋರೆನ್ ಓಪನ್ ಸೋರ್ಸ್, ನೋಡೋಕೆ ಚಂದ, ಸರ್ವೈವಲ್‌ಗಿಂತ ಸಾಹಸ ಜಾಸ್ತಿ, ಹಳೇ ಮೆಷಿನ್‌ಗೆ ಸ್ವಲ್ಪ ಭಾರ. ಒಬ್ಬರೇ ಇರೋವಾಗ ಕ್ಯಾಟಕ್ಲಿಸಂ ಡಾರ್ಕ್ ಡೇಸ್ ಅಹೆಡ್ ಆಡಿ, ಗ್ರಾಫಿಕ್ಸ್ ಅಂತ ಹೇಳ್ಕೊಳ್ಳೋ ಹಾಗೇನಿಲ್ಲ ಆದ್ರೆ ಬದುಕುಳಿಯೋ ಲೆಕ್ಕಾಚಾರದ ಆಳ ನಾನು ಬೇರೆಲ್ಲೂ ಅಷ್ಟು ನೋಡಿಲ್ಲ.

ಬೆಂಕಿಕಡ್ಡಿ:
ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮುಂದೆ ದುಡ್ಡು ಸೇರ್ಸಿ ಒಂದು ಗೇಮ್ ತಗೊಳ್ಳೋದಾದ್ರೆ? ಒಂದೇ ಕಾಪಿ ತಗೊಂಡು ಐದೂ ಜನ ಹಂಚ್ಕೋಬಹುದಾ?

ಕಲ್ಲಿನಕೋಟೆ:
ಒಟ್ಟಿಗೆ ಆಡೋದಾದ್ರೆ ಆಗಲ್ಲ. 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ 6 ಜನ ಲೈಬ್ರರಿ ಹಂಚ್ಕೋಬಹುದು, ಆದ್ರೆ ಒಂದು ಕಾಪಿನ ಒಂದು ಹೊತ್ತಿಗೆ ಒಬ್ರು ಮಾತ್ರ ಆಡ್ಬಹುದು. ಅದು ಇರೋದೂ ಒಂದೇ ಮನೆಯವ್ರಿಗೆ ಅಂತ. ಇನ್ನೊಂದು, ನಿಮ್ಮ ಕಾಪಿಲಿ ಆಡ್ತಾ ಬೇರೆಯವ್ರು ಚೀಟ್ ಹಾಕಿ ಬ್ಯಾನ್ ಆದ್ರೆ ಆ ಗೇಮ್‌ನಲ್ಲಿ ನೀವೂ ಬ್ಯಾನ್.

ತಗೊಳ್ಳೋದಾದ್ರೆ ನನ್ನ ಆಯ್ಕೆ ವಾಲ್‌ಹೈಮ್. 2021ರ ಫೆಬ್ರವರಿಲಿ ಬಂದಾಗ ಗೇಮ್ ಸೈಜ್ 1 ಜಿಬಿ ಹತ್ರ ಇತ್ತು, 10 ಜನ ತನಕ ಒಂದೇ ಲೋಕದಲ್ಲಿ ಆಡ್ಬಹುದು, ಅಪರಿಚಿತರು ಬಂದು ಬೇಸ್ ಒಡೆಯೋ ಕಾಟ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಆ ಎರಡು ಲ್ಯಾಪ್‌ಟಾಪ್‌ಗೆ ಕಷ್ಟ ಆಗುತ್ತೆ, ಅವ್ರಿಗೆ ಡೋಂಟ್ ಸ್ಟಾರ್ವ್ ಟುಗೆದರ್ ವಾಸಿ. ವಿಶ್‌ಲಿಸ್ಟ್‌ಗೆ ಹಾಕಿ ಸೇಲ್‌ಗೆ ಕಾಯಿರಿ. ಎಪಿಕ್ ಸ್ಟೋರ್‌ನಲ್ಲಿ ವಾರವಾರ ಕೊಡೋ ಫ್ರೀ ಗೇಮ್ ಮೇಲೂ ಒಂದು ಕಣ್ಣಿಡಿ, ಆರ್ಕ್ ಸರ್ವೈವಲ್ ಇವಾಲ್ವ್ಡ್‌ನ 2020ರಲ್ಲೂ 2022ರಲ್ಲೂ ಹಾಗೇ ಕೊಟ್ಟಿದ್ರು.

ಕಮ್ಮಿಗೆ ಸಿಗುತ್ತೆ ಅಂತ ಮೂರನೆಯವ್ರು ಮಾರೋ ಕೀ (ಗೇಮ್ ಆ್ಯಕ್ಟಿವೇಟ್ ಮಾಡೋ ಕೋಡ್) ತಗೋಬೇಡಿ. ಫ್ಯಾಕ್ಟೋರಿಯೋ ಮಾಡಿದ ವೂಬ್ ಕಂಪನಿಯ 198 ಕದ್ದ ಕೀಗಳು ತಮ್ಮ ಮಾರುಕಟ್ಟೆಯಲ್ಲಿ ಮಾರಾಟ ಆಗಿದ್ದು ನಿಜ ಅಂತ ಜಿ2ಎ 2020ರಲ್ಲಿ ಒಪ್ಕೊಂಡು 39,600 ಡಾಲರ್ ಕಟ್ಟಿಕೊಟ್ಟಿತ್ತು. ಅಂಥ ಕೀ ಆಮೇಲೆ ರದ್ದಾದ್ರೆ ದುಡ್ಡೂ ಹೋಯ್ತು ಗೇಮೂ ಹೋಯ್ತು.

ಮರಕುಟಿಗ:
ಸರಿ, ಆದ್ರೆ ಅಧಿಕೃತ ಸ್ಟೋರ್ ಅಂದ್ರೆ ಪೂರ್ತಿ ಸೇಫ್ ಅಂತಲೂ ಹೇಳ್ಬೇಡಿ. 2025ರ ಫೆಬ್ರವರಿಲಿ ಸ್ಟೀಮ್‌ನಲ್ಲೇ ಪೈರೇಟ್‌ಫೈ ಅನ್ನೋ ಉಚಿತ ಸರ್ವೈವಲ್ ಗೇಮ್ ಒಳಗೆ ಮಾಲ್‌ವೇರ್ ಸಿಕ್ತು.

ಸರ್ವರ್‌ಕಾವಲು:
ಒಳ್ಳೇ ಮಾತು, ಇದನ್ನ ಹೇಳ್ಲೇಬೇಕಿತ್ತು. ಅದರೊಳಗೆ ಇದ್ದಿದ್ದು ಮೇಲೆ ಹೇಳಿದ ವಿದಾರ್. ಆದ್ರೆ ಆಮೇಲೆ ಏನಾಯ್ತು ನೋಡಿ. ಸ್ಟೋರ್‌ನವ್ರು ಗೇಮ್ ತೆಗೆದ್ರು, ಅದನ್ನ ಓಡಿಸಿದ್ದವ್ರಿಗೆ ನೇರ ಸಂದೇಶ ಕಳ್ಸಿ ಸ್ಕ್ಯಾನ್ ಮಾಡಿ, ಬೇಕಿದ್ರೆ ಪೂರ್ತಿ ಫಾರ್ಮ್ಯಾಟ್ ಮಾಡೋದನ್ನೂ ಯೋಚ್ನೆ ಮಾಡಿ ಅಂತ ಹೇಳಿದ್ರು. ಟೊರೆಂಟ್‌ನಿಂದ ಇಳಿಸಿದವ್ರಿಗೆ ಆ ಸಂದೇಶ ಯಾರು ಕಳಿಸ್ತಾರೆ? ಅಧಿಕೃತ ಸ್ಟೋರ್‌ನಲ್ಲೂ ಹೊಸದಾಗಿ ಬಂದ, ವಿಮರ್ಶೆ ಕಮ್ಮಿ ಇರೋ, ತಯಾರಕರ ಹಿನ್ನೆಲೆ ಗೊತ್ತಿಲ್ದಿರೋ ಉಚಿತ ಗೇಮ್‌ಗೆ ಸ್ವಲ್ಪ ದಿನ ಕಾಯಿರಿ. ಮಾಡ್ (ಗೇಮ್‌ಗೆ ಬೇರೆಯವ್ರು ಮಾಡೋ ಸೇರ್ಪಡೆ) ಹಾಕೋವಾಗಲೂ ಹಾಗೇ, 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನೋ ಮಾಲ್‌ವೇರ್ ಮಾಡ್ ಸಿಗೋ ಸೈಟ್ ಕರ್ಸ್‌ಫೋರ್ಜ್‌ನ ಮೈನ್‌ಕ್ರಾಫ್ಟ್ ಮಾಡ್‌ಗಳ ಒಳಗೇ ಬಂದಿತ್ತು.

ಹಳೇಯಂತ್ರ:
ಗೇಮ್ ಮಾಡೋರ ಕಡೆದೂ ಒಂದು ಹೇಳ್ತೀನಿ. ಪ್ರಾಜೆಕ್ಟ್ ಝೋಂಬಾಯ್ಡ್ ಅನ್ನೋ ಜೋಂಬಿ ಸರ್ವೈವಲ್ ಗೇಮ್ ಮಾಡ್ತಿದ್ದ ಇಂಡೀ ಸ್ಟೋನ್ ಅಂದ್ರೆ ಆಗ ಬೆರಳೆಣಿಕೆಯ ಜನ. 2011ರಲ್ಲಿ ಯಾರೋ ಹಂಚಿದ ಕದ್ದ ಕಾಪಿಲಿ ಅಪ್‌ಡೇಟ್ ಬಟನ್ ಇತ್ತು, ಅದನ್ನ ಒತ್ತಿದಾಗೆಲ್ಲಾ ಫೈಲ್ ಇಳೀತಿದ್ದಿದ್ದು ಇವ್ರೇ ದುಡ್ಡು ಕಟ್ತಿದ್ದ ಕ್ಲೌಡ್ ಸರ್ವರ್‌ನಿಂದ. ಅಂದ್ರೆ ಪ್ರತಿ ಕದ್ದ ಕಾಪಿಗೂ ಇವ್ರೇ ಖರ್ಚು ಕೊಡ್ಬೇಕಾಯ್ತು. ಕೊನೆಗೆ ದುಡ್ಡು ಕೊಟ್ಟವ್ರಿಗೂ ಗೇಮ್ ಸಿಗದ ಹಾಗೆ ಸ್ವಲ್ಪ ಕಾಲ ತೆಗೆದೇ ಹಾಕಿದ್ರು. ಸರ್ವರ್ ಇಟ್ಕೊಂಡಿರೋ ಸಣ್ಣ ತಂಡಕ್ಕೆ ಈ ಥರ ಹೊಡೆತ ಬೀಳುತ್ತೆ ಅಂತ ನಂಗೆ ಅವಾಗ್ಲೇ ಅರ್ಥ ಆಗಿದ್ದು.

ನಿಶಾಚರ:
ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗಾಗ್ಲೇ ಇಂಥದ್ದೊಂದು ಇದೆ. ಡಿಲೀಟ್ ಮಾಡಿದ್ರೆ ಸಾಕಾ?

ಕಲ್ಲಿನಕೋಟೆ:
ಸಾಕಾಗಲ್ಲ. ಗೇಮ್ ಫೋಲ್ಡರ್ ಅಳಿಸಿದ್ರೂ ಅದು ಬಿಟ್ಟುಹೋಗಿರೋದು ಬೇರೆ ಕಡೆ ಇರುತ್ತೆ. ಮೊದಲು ನೆಟ್ ಕಟ್ ಮಾಡಿ. ಆಮೇಲೆ ಬೇರೆ ಕ್ಲೀನ್ ಮೊಬೈಲ್ ಅಥವಾ ಕಂಪ್ಯೂಟರ್‌ನಿಂದ, ಗಮನ ಇರ್ಲಿ, ಇದೇ ಲ್ಯಾಪ್‌ಟಾಪ್‌ನಿಂದ ಅಲ್ಲ, ಇಮೇಲ್ ಪಾಸ್‌ವರ್ಡ್ ಬದಲಾಯ್ಸಿ, ಆಮೇಲೆ ಬ್ಯಾಂಕು, ಸ್ಟೀಮ್, ಡಿಸ್ಕಾರ್ಡ್. ಬರೀ ಪಾಸ್‌ವರ್ಡ್ ಬದಲಾಯ್ಸಿದ್ರೆ ಸಾಲ್ದು, ಎಲ್ಲಾ ಸಾಧನಗಳಿಂದ ಲಾಗೌಟ್ ಅನ್ನೋ ಆಯ್ಕೆ ಎಲ್ಲಾ ಕಡೆ ಒತ್ತಿ, ಕದ್ದ ಕುಕೀ ಸಾಯೋದು ಅವಾಗ್ಲೇ. ಸ್ಟೀಮ್‌ನಲ್ಲಿ ವೆಬ್ ಎಪಿಐ ಕೀ (ಬೇರೆ ಪ್ರೋಗ್ರಾಮ್‌ಗಳು ನಿಮ್ಮ ಅಕೌಂಟ್ ಬಳಸೋಕೆ ಇರೋ ಕೋಡ್) ಅಂತ ಒಂದು ಪುಟ ಇದೆ, ನೀವು ಮಾಡದೇ ಇರೋ ಕೀ ಅಲ್ಲಿದ್ರೆ ರದ್ದು ಮಾಡಿ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಸೆಕ್ಯೂರಿಟಿ ತೆಗೆದು ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ, ಇನ್‌ಸ್ಟಾಲ್ ಮಾಡೋವಾಗ ಸೇರ್ಸಿದ ಫೋಲ್ಡರ್ ಅಲ್ಲೇ ಕೂತಿರುತ್ತೆ, ಸ್ಕ್ಯಾನ್ ಅದನ್ನ ಮುಟ್ಟೋದೇ ಇಲ್ಲ, ತೆಗೆದು ಹಾಕಿ. ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ. ಆದ್ರೆ ನನ್ನ ಕೇಳಿದ್ರೆ ಸ್ಕ್ಯಾನ್‌ನ ನಂಬಿ ಕೂರ್ಬೇಡಿ, ಫೋಟೋ, ಡಾಕ್ಯುಮೆಂಟ್, ಗೇಮ್ ಸೇವ್ ಫೈಲ್ ಮಾತ್ರ ಎತ್ತಿಟ್ಕೊಂಡು, ಒಂದೇ ಒಂದು ಎಕ್ಸಿ (.exe, ಪ್ರೋಗ್ರಾಮ್) ಫೈಲೂ ಉಳಿಸ್ಕೊಳ್ದೆ, ಬೇರೆ ಕಂಪ್ಯೂಟರ್‌ನಲ್ಲಿ ಮಾಡಿದ ಯುಎಸ್‌ಬಿಯಿಂದ ವಿಂಡೋಸ್ ಹೊಸದಾಗಿ ಹಾಕಿ.

ಬೆಂಕಿಕಡ್ಡಿ:
ನಾವು ಲುವಾಂಟಿ ಮತ್ತೆ ಅನ್‌ಟರ್ನ್ಡ್ ಎರಡೂ ಇಳಿಸಿದ್ವಿ, ಲಿಂಕ್ ಕಳ್ಸಿದ ಫ್ರೆಂಡ್ ಕೂಡ ಒಪ್ಕೊಂಡ. ಲುವಾಂಟಿಲಿ ಸರ್ವರ್ ಶುರು ಮಾಡಿದವ್ರು ಲ್ಯಾಪ್‌ಟಾಪ್ ಮುಚ್ಚಿದ್ರೆ ಉಳಿದವ್ರೂ ಹೊರಗೆ ಬೀಳ್ತಾರೆ. ಅದಕ್ಕೇನಾದ್ರೂ ದಾರಿ ಇದ್ಯಾ?

ಸರ್ವರ್‌ಕಾವಲು:
ಇದೆ. ಇಬ್ಬರಲ್ಲಿ ಯಾರದ್ದಾದ್ರೂ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿರೋ ಹೊತ್ತಲ್ಲಿ ಅದನ್ನೇ ಸರ್ವರ್ ಮಾಡ್ಬಿಡಿ, ಸರ್ವರ್ ಮಾತ್ರ ಓಡ್ಸೋಕೆ ಗ್ರಾಫಿಕ್ಸ್ ಬೇಕಿಲ್ಲ. ಲುವಾಂಟಿ ಬಳಸೋ ಪೋರ್ಟ್ (ಹೊರಗಿನವ್ರು ಒಳಗೆ ಬರೋ ಬಾಗಿಲಿನ ನಂಬರ್) 30000, ಯುಡಿಪಿ ಥರದ್ದು, ರೌಟರ್‌ನಲ್ಲಿ ಅದೊಂದನ್ನ ಮಾತ್ರ ತೆರೀರಿ, ಬೇರೆ ಏನೂ ತೆರೀಬೇಡಿ. ಸರ್ವರ್‌ನ ಪಬ್ಲಿಕ್ ಲಿಸ್ಟ್‌ಗೆ ಹಾಕ್ಬೇಡಿ, ಪ್ರತಿಯೊಬ್ರೂ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಕೊಳ್ಳಿ. ವರ್ಲ್ಡ್ಸ್ ಅನ್ನೋ ಫೋಲ್ಡರ್ ಒಳಗೆ ನಿಮ್ಮ ಲೋಕದ ಹೆಸ್ರಿನ ಫೋಲ್ಡರ್ ಇರುತ್ತೆ, ಸರ್ವರ್ ನಿಲ್ಲಿಸಿ ಆ ಫೋಲ್ಡರ್‌ನ ವಾರಕ್ಕೊಂದ್ಸಲ ಇನ್ನೊಂದು ಕಡೆ ಕಾಪಿ ಮಾಡಿಡಿ, ಆ ಲ್ಯಾಪ್‌ಟಾಪ್ ಕೆಟ್ಟೋದ್ರೂ ಬೇರೆಯವ್ರ ಮೆಷಿನ್‌ನಲ್ಲಿ ಅದೇ ಲೋಕ ಮತ್ತೆ ಶುರು ಮಾಡ್ಬಹುದು. ಪೋರ್ಟ್ ತೆರೆಯೋದ್ರಲ್ಲಿ ಸಿಕ್ಕಾಕೊಂಡ್ರೆ ರೌಟರ್ ಸೆಟ್ಟಿಂಗ್ ಪುಟದಲ್ಲಿ ಏನು ಕಾಣಿಸ್ತಿದೆ ಅಂತ ಬರೀರಿ, ನೋಡಿ ಹೇಳ್ತೀನಿ.